ಯುದ್ಧಕ್ಕೆ ಹೋದ ಬಂಧುವಿನ ಜಾಡು: ಸೇನಾ ಸೇವಾ ದಾಖಲೆಗಳ ಹುಡುಕಾಟ

ಸೇನೆಗೆ ಸೇರಿದ ವ್ಯಕ್ತಿಯ ಭರ್ತಿ, ತರಬೇತಿ, ಬಡ್ತಿ, ವರ್ಗಾವಣೆ, ಗಾಯ, ಶಿಕ್ಷೆ, ಪದಕ, ಬಿಡುಗಡೆ ಅಥವಾ ಮರಣದ ಬಗ್ಗೆ ಸೇನೆಯೇ ಬರೆದಿಟ್ಟುಕೊಂಡ ಕಾಗದಗಳಿಗೆ ಸೇವಾ ದಾಖಲೆ ಎಂದು ಹೆಸರು. ಯುದ್ಧಕ್ಕೆ ಹೋದ ಅಜ್ಜ, ಮುತ್ತಜ್ಜ, ಸೋದರಮಾವ ಎಲ್ಲಿ ಕಾದಿದರು, ಏನಾದರು ಎಂದು ತಿಳಿಯಬಯಸುವ ಕುಟುಂಬಗಳು ಈ ಕಾಗದಗಳನ್ನು ಹುಡುಕಿಕೊಂಡು ಹೋಗುತ್ತವೆ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಲ್ಲಿ ಇದು ಅರ್ಧ ಶತಮಾನದಿಂದ ಬೆಳೆದುಬಂದ ಶಿಸ್ತು. ಭಾರತದಲ್ಲಿ ಇದಕ್ಕೆ ಜೋರು ಬಂದದ್ದು 2014ರಿಂದ ಈಚೆಗೆ, ಮೊದಲ ಮಹಾಯುದ್ಧದ ನೂರನೇ ವರ್ಷದ ಹೊತ್ತಿಗೆ.

ಹುಡುಕಬೇಕಾದವರ ಸಂಖ್ಯೆ ಮಾತ್ರ ಸಣ್ಣದಲ್ಲ. ಮೊದಲ ಮಹಾಯುದ್ಧದ ಆರಂಭದಿಂದ 1919ರ ಕೊನೆಯವರೆಗೆ ಅವಿಭಜಿತ ಭಾರತದಿಂದ ಸುಮಾರು 8.77 ಲಕ್ಷ ಯೋಧರೂ 5.63 ಲಕ್ಷ ಯೋಧರಲ್ಲದ ಕೆಲಸಗಾರರೂ ಭರ್ತಿಯಾದರು. ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರು ಸುಮಾರು 25 ಲಕ್ಷ. ಮೊದಲನೆಯದರಲ್ಲಿ ಸುಮಾರು 74 ಸಾವಿರ, ಎರಡನೆಯದರಲ್ಲಿ ಸುಮಾರು 87 ಸಾವಿರ ಮಂದಿ ಮಡಿದರು. ಇವರಲ್ಲಿ ಮೈಸೂರು ಸಂಸ್ಥಾನದ ಕುದುರೆ ಸವಾರರಿದ್ದರು, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಿಂದ ಹೊರಟ, ಮದ್ರಾಸ್ ಸ್ಯಾಪರ್‌ಗಳೆಂಬ ಸೇನಾ ಎಂಜಿನಿಯರ್‌ಗಳಿದ್ದರು, ಬೆಳಗಾವಿ ಸೀಮೆಯಿಂದ ಮರಾಠಾ ಪಲ್ಟಣ ಸೇರಿದವರಿದ್ದರು, ಕೊಡಗಿನ ಅಧಿಕಾರಿಗಳಿದ್ದರು.

ಹುಡುಕಾಟಕ್ಕೆ ಇಳಿಯುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಬೇಕು. ಸೇನೆ ಈ ಕಾಗದಗಳನ್ನು ಬರೆದದ್ದು ಯಾರ ನೆನಪನ್ನೂ ಉಳಿಸಲಿಕ್ಕಲ್ಲ. ಸಂಬಳ ಎಷ್ಟು ಕೊಡಬೇಕು, ಸತ್ತವನ ಜಾಗಕ್ಕೆ ಯಾರನ್ನು ಕಳಿಸಬೇಕು, ವಿಧವೆಗೆ ಪಿಂಚಣಿ ಸಲ್ಲುತ್ತದೆಯೇ ಎಂಬ ಲೆಕ್ಕಕ್ಕಾಗಿ ಬರೆಯಿತು. ಲೆಕ್ಕ ಮುಗಿದ ಮೇಲೆ ಎಷ್ಟೋ ಕಾಗದ ಕಸಕ್ಕೆ ಹೋಯಿತು. ಅಧಿಕಾರಿಗಳ ವಿಷಯದಲ್ಲಿ ಉಳಿದದ್ದು ಹೆಚ್ಚು, ಸಿಪಾಯಿಗಳ ವಿಷಯದಲ್ಲಿ ಉಳಿದದ್ದು ತೀರಾ ಕಡಿಮೆ. ಹೀಗಾಗಿ ಭಾರತೀಯ ಸಿಪಾಯಿಯೊಬ್ಬನ ಪೂರ್ತಿ ಕಡತ ಒಂದೇ ಕಪಾಟಿನಲ್ಲಿ ಸಿಗುವುದು ಅಪರೂಪ. ಅವನ ಸಂಖ್ಯೆ ಒಂದು ಕಡೆ, ಅವನ ತುಕಡಿಯ ದಿನಚರಿ ಇನ್ನೊಂದು ದೇಶದಲ್ಲಿ, ಅವನ ಹೆಸರು ಮತ್ತೆಲ್ಲೋ ಒಂದು ಕಲ್ಲಿನ ಮೇಲೆ ಇರುತ್ತದೆ.

ಮನೆಯೊಳಗಿನ ದಾಖಲೆ

ಅನುಭವಿ ಸಂಶೋಧಕರು ಪತ್ರಾಗಾರಕ್ಕೆ ಹೋಗುವ ಮೊದಲು ಮನೆಯ ಟ್ರಂಕು ತೆರೆಯಲು ಹೇಳುತ್ತಾರೆ. ಅಲ್ಲಿ ಸಿಗುವ ವಸ್ತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಪದಕ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್‌ಗಳ ಅಂಚಿನಲ್ಲಿ ಪಡೆದವನ ಸಂಖ್ಯೆ, ದರ್ಜೆ, ಹೆಸರು, ತುಕಡಿಗಳನ್ನು ಅಚ್ಚೊತ್ತಿರುತ್ತಾರೆ. ಎರಡನೆಯ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಹಂಚಿತು. ಆದರೆ ಭಾರತದಲ್ಲಿ ಹೆಸರು ಕೊರೆದು ಕೊಟ್ಟರು. ಆದ್ದರಿಂದ ಬರ್ಮಾ ಸ್ಟಾರ್ ಅಥವಾ ಆಫ್ರಿಕಾ ಸ್ಟಾರ್ ಮನೆಯಲ್ಲಿದ್ದರೆ ಅದರ ಹಿಂಬದಿಯನ್ನು ಭೂತಗನ್ನಡಿ ಹಿಡಿದು ನೋಡಬೇಕು. ಪದಕವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಹೊಳಪು ಕೊಡುವ ಆಸೆಯನ್ನು ತಡೆಯಬೇಕು, ಅಂಚಿನ ಅಕ್ಷರ ಸವೆದರೆ ಹುಡುಕಾಟದ ಕೀಲಿಯೇ ಕಳೆದಂತೆ.

ಮೊದಲ ಯುದ್ಧದಲ್ಲಿ ಸತ್ತವರ ಮನೆಗಳಿಗೆ ಸುಮಾರು 120 ಮಿಲಿಮೀಟರ್ ಅಗಲದ ಕಂಚಿನ ಬಿಲ್ಲೆಯೊಂದು ಬರುತ್ತಿತ್ತು. ಅದರಲ್ಲಿ ಸಿಂಹದ ಪಕ್ಕ ನಿಂತ, ಬ್ರಿಟನ್ನಿನ ಪ್ರತೀಕವಾದ ಬ್ರಿಟಾನಿಯಾ ದೇವಿಯ ಚಿತ್ರ ಮತ್ತು ಸತ್ತವನ ಹೆಸರು ಇರುತ್ತಿದ್ದವು. ಸಾವಿನಲ್ಲಿ ಎಲ್ಲರೂ ಸಮಾನರು ಎಂದು ತೋರಿಸಲು ದರ್ಜೆಯನ್ನು ಬೇಕೆಂದೇ ಕೈಬಿಟ್ಟಿದ್ದರು. ಸಾಮ್ರಾಜ್ಯದಾದ್ಯಂತ ಇಂಥ 13 ಲಕ್ಷಕ್ಕೂ ಹೆಚ್ಚು ಬಿಲ್ಲೆಗಳು ಹೋದವು. ಹೆಸರೊಂದೇ ಇರುವುದರಿಂದ ಹುಡುಕುವವರಿಗೆ ಇದರ ಉಪಯೋಗ ಕಡಿಮೆ, ಆದರೆ ಸಾವು ಯುದ್ಧಸೇವೆಯಲ್ಲೇ ಆಯಿತೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಡಿಸ್ಚಾರ್ಜ್ ಸರ್ಟಿಫಿಕೇಟ್, ಪಿಂಚಣಿ ಪುಸ್ತಕ, ಮನಿ ಆರ್ಡರ್ ರಸೀದಿ, ಯುದ್ಧಸೇವೆಗೆ ಮಂಜೂರಾದ ಜಮೀನಿನ ಕಾಗದ, ಗುಂಪು ಫೋಟೋ ಇವೂ ಉಪಯುಕ್ತ. ಫೋಟೋದಲ್ಲಿ ಮುಖಕ್ಕಿಂತ ಮೊದಲು ನೋಡಬೇಕಾದದ್ದು ಭುಜಪಟ್ಟಿ, ಟೋಪಿ ಅಥವಾ ರುಮಾಲಿನ ಬಿಲ್ಲೆ, ತೋಳಿನ ಪಟ್ಟಿ, ಫೋಟೋದ ಹಿಂದಿನ ಸ್ಟುಡಿಯೋ ಮುದ್ರೆ. ಊರಿನ ಹಿರಿಯರ ಮಾತನ್ನೂ ಬರೆದಿಟ್ಟುಕೊಳ್ಳಬೇಕು. ‘ತಾತ ಬಸ್ರಾಕ್ಕೆ ಹೋಗಿದ್ದ’ ಎಂಬ ಒಂದೇ ವಾಕ್ಯ ಹುಡುಕಾಟವನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ತಿರುಗಿಸುತ್ತದೆ. ಪಂಜಾಬಿನಿಂದ ತಮಿಳುನಾಡಿನವರೆಗೆ ಹಲವು ಹಳ್ಳಿಗಳಲ್ಲಿ ‘ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು’ ಎಂಬ ಅರ್ಥದ ಕಲ್ಲಿನ ಫಲಕಗಳಿವೆ. ಅವುಗಳಲ್ಲಿ ಹೆಸರಿಲ್ಲ, ಎಣಿಕೆ ಮಾತ್ರ ಇದೆ. ಆದರೂ ಊರಿನವರು ನಿಜವಾಗಿ ಹೋಗಿದ್ದರೆಂಬುದು ಅಲ್ಲಿ ಖಚಿತವಾಗುತ್ತದೆ.

ಸಂಖ್ಯೆ, ತುಕಡಿ, ಊರು

ಹೆಸರು ಗೊತ್ತಿದ್ದರೆ ಸಾಕು ಎಂದು ಹೊರಡುವವರು ಬೇಗ ದಾರಿ ತಪ್ಪುತ್ತಾರೆ. ಮುನಿಸ್ವಾಮಿ, ರಾಮಯ್ಯ, ಶೇಖ್ ಇಮಾಮ್ ಎಂಬ ಹೆಸರಿನವರು ಒಂದೊಂದು ಪಲ್ಟಣದಲ್ಲೂ ಹಲವರಿದ್ದರು. ಮನೆತನದ ಹೆಸರಿಲ್ಲದ ಕನ್ನಡ, ತಮಿಳು, ತೆಲುಗು ಸೀಮೆಯವರನ್ನು ಕಾಗದದಲ್ಲಿ ಬೇರ್ಪಡಿಸುತ್ತಿದ್ದದ್ದು ತಂದೆಯ ಹೆಸರು ಮತ್ತು ಊರು. ಆ ಹೆಸರುಗಳನ್ನು ಕಿವಿಗೆ ಬಿದ್ದಂತೆ ರೋಮನ್ ಲಿಪಿಯಲ್ಲಿ ಬರೆದವರು ಕನ್ನಡ ಬಲ್ಲವರೇ ಆಗಿರಬೇಕೆಂದೇನೂ ಇರಲಿಲ್ಲ. ‘ಸ್ವಾಮಿ’ ಎಂಬುದು ಸಾಮಿ, ಸಾವ್ಮಿ ಆಗುತ್ತದೆ. ಹಳ್ಳಿಯ ಹೆಸರಿನ ‘ಹಳ್ಳಿ’ ಹುಲ್ಲಿ ಆಗುತ್ತದೆ. ಗಣಕದ ಹುಡುಕುಪೆಟ್ಟಿಗೆಯಲ್ಲಿ ಹೆಸರನ್ನು ನಾಲ್ಕಾರು ರೀತಿ ಬರೆದು ನೋಡದೆ ‘ಇಲ್ಲ’ ಎಂದು ತೀರ್ಮಾನಿಸಬಾರದು.

ಸಂಖ್ಯೆಯಲ್ಲೂ ಒಂದು ತೊಡಕಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತೀಯ ಸೇನೆಯ ಸಂಖ್ಯೆಗಳು ಆಯಾ ರೆಜಿಮೆಂಟಿನವು. ಒಂದೇ ಸಂಖ್ಯೆ ಬೇರೆ ಬೇರೆ ಪಲ್ಟಣಗಳಲ್ಲಿ ಬೇರೆ ಬೇರೆಯವರಿಗೆ ಇರುತ್ತಿತ್ತು. ಪಲ್ಟಣ ಗೊತ್ತಿಲ್ಲದೆ ಸಂಖ್ಯೆಗೆ ಅರ್ಥವಿಲ್ಲ.

ಪಲ್ಟಣಗಳೋ ಹೆಸರು ಬದಲಿಸುತ್ತ ಬಂದವು. 1922ರ ಪುನರ್‌ರಚನೆಯಲ್ಲಿ ಹಳೆಯ ರೆಜಿಮೆಂಟುಗಳು ದೊಡ್ಡ ರೆಜಿಮೆಂಟುಗಳ ಬೆಟಾಲಿಯನ್‌ಗಳಾದವು. ಮೆಸೊಪೊಟೇಮಿಯಾದ ಕುತ್ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ 110ನೇ ಮಹ್ರಟ್ಟಾ ಲೈಟ್ ಇನ್‌ಫೆಂಟ್ರಿ, 5ನೇ ಮಹ್ರಟ್ಟಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್ ಆಯಿತು. ಹಳೆಯ ಮದ್ರಾಸ್ ರೆಜಿಮೆಂಟನ್ನು 1928ರಲ್ಲಿ ವಿಸರ್ಜಿಸಿ, ಎರಡನೆಯ ಯುದ್ಧದ ಒತ್ತಡದಲ್ಲಿ 1941ರಲ್ಲಿ ಮತ್ತೆ ಕಟ್ಟಿದರು. ದಾರಿ ಕಡಿಯುವ ಪಯೋನಿಯರ್ ಪಲ್ಟಣಗಳು 1930ರ ದಶಕದ ಆರಂಭದಲ್ಲಿ ಪೂರ್ತಿ ಕಣ್ಮರೆಯಾದವು. ಬೆಂಗಳೂರಿನ ಬ್ರಿಗೇಡ್ ರಸ್ತೆಯ ತುದಿಯಲ್ಲಿ ಇಂದಿಗೂ ನಿಂತಿರುವ ಯುದ್ಧಸ್ಮಾರಕ ಮದ್ರಾಸ್ ಪಯೋನಿಯರ್‌ಗಳದು. ಅದರ ಪಕ್ಕದಲ್ಲಿ ದಿನವೂ ಹಾದುಹೋಗುವ ಸಾವಿರಾರು ಜನರಲ್ಲಿ ಎಷ್ಟು ಮಂದಿಯ ಮುತ್ತಜ್ಜಂದಿರು ಆ ಪಲ್ಟಣಗಳಲ್ಲಿ ಹಾರೆ ಹಿಡಿದು ರಸ್ತೆ ಕಡಿದಿದ್ದರೋ!

ಪಲ್ಟಣಗಳ ಹೆಸರು ಹಿಡಿದು ಹುಡುಕುವುದು ಎಷ್ಟು ತೊಡಕಿನದೆಂಬುದಕ್ಕೆ ಕೊಡಗಿನ ಇಬ್ಬರು ಪ್ರಸಿದ್ಧರ ವೃತ್ತಿಜೀವನವೇ ಉದಾಹರಣೆ. ಮುಂದೆ ಫೀಲ್ಡ್ ಮಾರ್ಷಲ್ ಆದ ಕೆ.ಎಂ. ಕಾರ್ಯಪ್ಪ 88ನೇ ಕರ್ನಾಟಿಕ್ ಇನ್‌ಫೆಂಟ್ರಿಯಲ್ಲಿ ಆರಂಭಿಸಿ, ನೇಪಿಯರ್ಸ್ ರೈಫಲ್ಸ್, ಡೋಗ್ರಾ ಪಲ್ಟಣಗಳನ್ನು ದಾಟಿ 7ನೇ ರಜಪೂತ್ ರೆಜಿಮೆಂಟಿಗೆ ಬಂದರು. ಜನರಲ್ ಕೆ.ಎಸ್. ತಿಮ್ಮಯ್ಯ ಬರ್ಮಾದ ಅರಾಕಾನಿನಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನನ್ನು ಮುನ್ನಡೆಸಿದರು. ಆ ರೆಜಿಮೆಂಟಿನ ಹೆಸರು 1945ರಲ್ಲಿ ಕುಮಾಯೂಂ ರೆಜಿಮೆಂಟ್ ಎಂದಾಯಿತು. ಅದರ ಕೇಂದ್ರ ಈಗ ಹಿಮಾಲಯದ ರಾಣಿಖೇತಿನಲ್ಲಿದೆ. ಕೊಡಗಿನ ಮನೆಯೊಂದರ ಪ್ರಶ್ನೆಗೆ ಉತ್ತರ ರಾಣಿಖೇತಿನ ದಫ್ತರದಲ್ಲಿರಬಹುದು ಎಂಬುದು ಹೆಸರಿನ ಬದಲಾವಣೆ ತಿಳಿಯದವರಿಗೆ ಹೊಳೆಯುವುದೇ ಇಲ್ಲ. ಅಧಿಕಾರಿಗಳ ಇಂಥ ಓಡಾಟವನ್ನು ಹಿಂಬಾಲಿಸಲು ಅಚ್ಚಾದ ‘ಇಂಡಿಯನ್ ಆರ್ಮಿ ಲಿಸ್ಟ್’ ಇದೆ. ಸಿಪಾಯಿಗಳಿಗೆ ಅಂಥ ಪಟ್ಟಿಯಿಲ್ಲ.

ಊರಿನ ವಿಳಾಸವನ್ನೂ ಆ ಕಾಲದ ಭೂಪಟದಲ್ಲೇ ಓದಬೇಕು. ಇಂದಿನ ಕರ್ನಾಟಕದ ಜಾಗದಲ್ಲಿ ಆಗ ಮೈಸೂರು ಸಂಸ್ಥಾನ, ಕೊಡಗು ಪ್ರಾಂತ, ಮುಂಬಯಿ ಪ್ರೆಸಿಡೆನ್ಸಿಯ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಸೀಮೆ, ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಮತ್ತು ಬಳ್ಳಾರಿ, ನಿಜಾಮರ ರಾಯಚೂರು, ಗುಲ್ಬರ್ಗ, ಬೀದರ್ ಇದ್ದವು. ಗದಗಿನವನನ್ನು ಧಾರವಾಡದಲ್ಲಿ, ಬಾಗಲಕೋಟೆಯವನನ್ನು ಬಿಜಾಪುರದಲ್ಲಿ, ಉಡುಪಿಯವನನ್ನು ‘ಸೌತ್ ಕೆನರಾ’ದಲ್ಲಿ ಹುಡುಕಬೇಕು.

ಸತ್ತವರ ಪಟ್ಟಿ

ಯುದ್ಧದಲ್ಲಿ ಮಡಿದವರ ಜಾಡು, ಬದುಕಿ ಬಂದವರ ಜಾಡಿಗಿಂತ ಸುಲಭ. 1917ರಲ್ಲಿ ಫೇಬಿಯನ್ ವೇರ್ ಅವರ ಪ್ರಯತ್ನದಿಂದ ಸ್ಥಾಪನೆಯಾದ, ಈಗ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಎನಿಸಿರುವ ಸಂಸ್ಥೆ ಎರಡು ಯುದ್ಧಗಳ ಸುಮಾರು 17 ಲಕ್ಷ ಮಂದಿಯ ಹೆಸರನ್ನು ಕಾಯುತ್ತಿದೆ. ಅದರ ಪಟ್ಟಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹೆಸರು, ದರ್ಜೆ, ಸಂಖ್ಯೆ, ತುಕಡಿ, ಸತ್ತ ದಿನ, ಸಮಾಧಿ ಅಥವಾ ಸ್ಮಾರಕದ ಜಾಗ ಅಲ್ಲಿರುತ್ತದೆ. ಅದೃಷ್ಟವಿದ್ದರೆ ತಂದೆ ಅಥವಾ ಹೆಂಡತಿಯ ಹೆಸರು, ಊರು, ಜಿಲ್ಲೆಯೂ ಸಿಗುತ್ತವೆ. ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸತ್ತವರು ಮಾತ್ರ ಇಲ್ಲಿ ಸೇರುತ್ತಾರೆ. ಗಾಯಗೊಂಡು ಮರಳಿ 1925ರಲ್ಲಿ ಊರಲ್ಲಿ ತೀರಿಕೊಂಡವರನ್ನು ಈ ಪಟ್ಟಿಯಲ್ಲಿ ಹುಡುಕಿ ಫಲವಿಲ್ಲ.

ಸಮಾಧಿ ಎಂಬ ಮಾತೂ ಇಲ್ಲಿ ಎಲ್ಲರಿಗೂ ಹೊಂದುವುದಿಲ್ಲ. ಹಿಂದೂ ಮತ್ತು ಸಿಖ್ ಯೋಧರನ್ನು ದಹನ ಮಾಡಿದಲ್ಲಿ ಅವರ ಹೆಸರು ದಹನ ಸ್ಮಾರಕಗಳ ಮೇಲೋ ಗೋಡೆಗಳ ಮೇಲೋ ಇದೆ. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು, 1931ರಲ್ಲಿ ಉದ್ಘಾಟನೆಯಾದ ದೆಹಲಿಯ ಇಂಡಿಯಾ ಗೇಟ್‌ನಲ್ಲಿ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಬರ್ಮಾದಲ್ಲಿ ಮಡಿದು ಸಮಾಧಿ ಗೊತ್ತಿಲ್ಲದ ಸುಮಾರು 27 ಸಾವಿರ ಮಂದಿ ತಾವ್‌ಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿದ್ದಾರೆ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ನಲ್ಲಿ ಸತ್ತ ಸುಮಾರು 4 ಸಾವಿರ ಭಾರತೀಯರಿಗಾಗಿ 1926ರಲ್ಲಿ ಸೂಯೆಜ್ ಕಾಲುವೆಯ ತುದಿಯ ಪೋರ್ಟ್ ತೌಫಿಕ್‌ನಲ್ಲಿ ಎದ್ದ ಸ್ಮಾರಕ, ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ 1967ರಿಂದ 1973ರ ಕದನಗಳಲ್ಲಿ ಹಾಳಾಗಿ ಕೊನೆಗೆ ಕೆಡವಲ್ಪಟ್ಟಿತು. ಅದರ ಬದಲಿಗೆ 1980ರಲ್ಲಿ ಕೈರೋದ ಹೆಲಿಯೊಪೊಲಿಸ್ ಯುದ್ಧಸ್ಮಶಾನದಲ್ಲಿ ಹೊಸದೊಂದನ್ನು ಮಾಡಿದರು. ಒಂದು ಯುದ್ಧದ ಸ್ಮಾರಕವನ್ನು ಇನ್ನೊಂದು ಯುದ್ಧ ನುಂಗಿದ ಕತೆ ಇದು.

ಬಸ್ರಾ ಸ್ಮಾರಕದ ವಿಷಯದಲ್ಲಿ ನೋವಿನ ಸಂಗತಿ ಬೇರೆಯೇ ಇದೆ. ಮೆಸೊಪೊಟೇಮಿಯಾದಲ್ಲಿ ಮಡಿದ 40 ಸಾವಿರಕ್ಕೂ ಹೆಚ್ಚು ಮಂದಿಯ ಆ ಸ್ಮಾರಕದಲ್ಲಿ ಬ್ರಿಟಿಷ್ ಸಾಮಾನ್ಯ ಸೈನಿಕನ ಹೆಸರನ್ನೂ ಕೆತ್ತಿದರು; ಭಾರತೀಯ ಸಿಪಾಯಿಗಳನ್ನು ಮಾತ್ರ ಪಲ್ಟಣದ ಹೆಸರಿನ ಕೆಳಗೆ ಸಂಖ್ಯೆಯಾಗಿ ನಮೂದಿಸಿದರು. ಸಾವಿನ ಮುಂದೆ ಎಲ್ಲರೂ ಸಮಾನರೆಂಬ ಆಯೋಗದ ಘೋಷಿತ ತತ್ವ ಯುರೋಪಿನಲ್ಲಿ ನಡೆದಷ್ಟು ಏಷ್ಯಾ, ಆಫ್ರಿಕಾಗಳಲ್ಲಿ ನಡೆಯಲಿಲ್ಲ. 2021ರ ಏಪ್ರಿಲ್‌ನಲ್ಲಿ ಪ್ರಕಟವಾದ ಆಯೋಗದ್ದೇ ವಿಶೇಷ ಸಮಿತಿಯ ವರದಿ ಇದನ್ನು ಒಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟ್ ಮೂಲದ 45 ಸಾವಿರದಿಂದ 54 ಸಾವಿರ ಮೃತರಿಗೆ ಅಸಮಾನ ಸ್ಮರಣೆ ಸಂದಿದೆ ಎಂದೂ, ಕನಿಷ್ಠ 1.16 ಲಕ್ಷ, ಪ್ರಾಯಶಃ 3.5 ಲಕ್ಷದವರೆಗೆ ಮಂದಿಯನ್ನು ಹೆಸರಿಟ್ಟು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದೂ ಅದು ಹೇಳಿತು. ಆಯೋಗ ಕ್ಷಮೆ ಕೇಳಿತು, ಹೆಸರುಗಳನ್ನು ಹುಡುಕುವ ಕೆಲಸ ಆರಂಭವಾಯಿತು. ಮುತ್ತಜ್ಜನ ಹೆಸರು ಪಟ್ಟಿಯಲ್ಲಿ ಸಿಗಲಿಲ್ಲವೆಂದರೆ ಆತ ಹೋಗಿಯೇ ಇರಲಿಲ್ಲ ಎಂದು ಭಾವಿಸಬಾರದು ಎನ್ನುವುದಕ್ಕೆ ಇದೇ ದೊಡ್ಡ ಕಾರಣ.

ಬದುಕಿ ಬಂದವರ ಕಡತ

ಬದುಕಿ ಮರಳಿದವರ ಕಡತಗಳ ಪಾಡು ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಆಸ್ಟ್ರೇಲಿಯಾ ತನ್ನ ಮೊದಲ ಯುದ್ಧದ ಸುಮಾರು 3.76 ಲಕ್ಷ ಕಡತಗಳನ್ನು, ಕೆನಡಾ ಆರು ಲಕ್ಷಕ್ಕೂ ಹೆಚ್ಚು ಕಡತಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿವೆ. ಅಲ್ಲಿನ ಮರಿಮಗ ಮನೆಯಲ್ಲೇ ಕೂತು ಮುತ್ತಜ್ಜನ ಎತ್ತರ, ಕಣ್ಣಿನ ಬಣ್ಣ, ಜುಲ್ಮಾನೆ, ಜ್ವರ ಎಲ್ಲ ಓದಬಹುದು. ಬ್ರಿಟನ್ ಅಷ್ಟು ಅದೃಷ್ಟವಂತ ದೇಶವಲ್ಲ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ಉಗ್ರಾಣಕ್ಕೆ ಜರ್ಮನ್ ಬಾಂಬು ಬಿದ್ದು, ಮೊದಲ ಯುದ್ಧದ ಸೈನಿಕರ ಕಡತಗಳಲ್ಲಿ ಸುಮಾರು ಶೇ. 60 ಸುಟ್ಟುಹೋದವು. ಬೆಂಕಿಯಿಂದ ಉಳಿದ, ಅಂಚು ಕರಕಲಾದ, ನೀರು ಕುಡಿದ ಹಾಳೆಗಳನ್ನು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಸುಟ್ಟ ದಾಖಲೆಗಳು’ ಎಂದೇ ಕರೆಯುತ್ತಾರೆ. ಪ್ರಷ್ಯಾದ ಸೇನಾ ಪತ್ರಾಗಾರ 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡ್ಯಾಮ್ ಮೇಲಿನ ಬಾಂಬ್ ದಾಳಿಯಲ್ಲಿ ನಾಶವಾಯಿತು. ಅಮೆರಿಕದಲ್ಲಿ ಯುದ್ಧವೇ ಬೇಕಾಗಲಿಲ್ಲ: 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 160ರಿಂದ 180 ಲಕ್ಷ ಕಡತಗಳು ಬೂದಿಯಾದವು. ಅಲ್ಲಿನ ಸಿಬ್ಬಂದಿ ಅಂದಿನಿಂದ ಸಂಬಳದ ಚೀಟಿ, ಆಸ್ಪತ್ರೆಯ ಪಟ್ಟಿಗಳಿಂದ ಸೈನಿಕರ ಸೇವೆಯನ್ನು ಮತ್ತೆ ಜೋಡಿಸುತ್ತಿದ್ದಾರೆ.

ಭಾರತೀಯ ಸಿಪಾಯಿಗಳ ಕಾಗದ ಬಹುಪಾಲು ಬೆಂಕಿಗೆ ಬಲಿಯಾದದ್ದಲ್ಲ. ಅವನ್ನು ಶಾಶ್ವತವಾಗಿ ಇಡಬೇಕೆಂದು ಯಾರಿಗೂ ಅನ್ನಿಸದೆ ಹೋದದ್ದೇ ಹೆಚ್ಚಿನ ನಷ್ಟಕ್ಕೆ ಕಾರಣ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಅಧಿಕಾರಿಗಳ ಕಡತ, ಪದಕ ಪಟ್ಟಿ, ಸಾವುನೋವಿನ ವರದಿಗಳಿವೆ. ಸಾಮಾನ್ಯ ಸಿಪಾಯಿಗಳ ವೈಯಕ್ತಿಕ ಕಡತಗಳ ಸಾಲು ಇಲ್ಲ. 1947ರ ವಿಭಜನೆಯಲ್ಲಿ ರೆಜಿಮೆಂಟುಗಳೇ ಎರಡು ದೇಶಗಳಿಗೆ ಹಂಚಿಹೋದಾಗ ಅವುಗಳ ದಫ್ತರಗಳೂ ಗಡಿ ದಾಟಿದವು.

ಇದರ ನಡುವೆ ಒಂದು ದೊಡ್ಡ ನಿಧಿ ಸಿಕ್ಕಿದ್ದು ಲಾಹೋರಿನಲ್ಲಿ. ಮೊದಲ ಯುದ್ಧ ಮುಗಿದೊಡನೆ ಪಂಜಾಬ್ ಸರ್ಕಾರ ಹಳ್ಳಿಹಳ್ಳಿಯಿಂದ ಯುದ್ಧಕ್ಕೆ ಹೋದವರ ಹೆಸರು, ತಂದೆಯ ಹೆಸರು, ಜಾತಿ, ಪಲ್ಟಣ, ಸಂಖ್ಯೆಗಳನ್ನು ರಿಜಿಸ್ಟರುಗಳಲ್ಲಿ ಬರೆಸಿತ್ತು. ಸುಮಾರು 26 ಸಾವಿರ ಪುಟ, 3.2 ಲಕ್ಷ ಹೆಸರುಗಳ ಈ ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಮ್ಮಿನಲ್ಲಿ ಒಂದು ಶತಮಾನ ಸದ್ದಿಲ್ಲದೆ ಕೂತಿದ್ದವು. ಬ್ರಿಟನ್ನಿನ ಪಂಜಾಬ್ ಪರಂಪರೆ ಸಂಘ ಮತ್ತು ಗ್ರೀನಿಚ್ ವಿಶ್ವವಿದ್ಯಾಲಯ ಸೇರಿ 2021ರಲ್ಲಿ ಅವುಗಳ ಮೊದಲ ಭಾಗವನ್ನು ಅಂತರ್ಜಾಲಕ್ಕೆ ತಂದವು. ಸತ್ತವರಷ್ಟೇ ಅಲ್ಲ, ಬದುಕಿ ಬಂದವರೂ ಅದರಲ್ಲಿದ್ದಾರೆ ಎಂಬುದೇ ಅದರ ದೊಡ್ಡಸ್ತಿಕೆ. ಅಂಥದೊಂದು ಕಟ್ಟು ನಮ್ಮ ಸೀಮೆಗಳದ್ದೂ ಯಾವುದಾದರೂ ದಫ್ತರದ ಕೋಣೆಯಲ್ಲಿದ್ದರೆ ಅದನ್ನು ಹುಡುಕಿ ತೆರೆಯುವುದಕ್ಕಿಂತ ದೊಡ್ಡ ಉಪಕಾರ ಈ ನಾಡಿನ ಸೈನಿಕ ಕುಟುಂಬಗಳಿಗೆ ಇನ್ನೊಂದಿಲ್ಲ.

ಭಾರತದೊಳಗೆ ವಿಚಾರಿಸಬೇಕಾದ ಮುಖ್ಯ ಜಾಗ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸ್. ಮದ್ರಾಸ್ ಸ್ಯಾಪರ್ಸ್ ಪರಂಪರೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನದು ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿದೆ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ. ಸಿಪಾಯಿಯ ಸೇವೆಯ ಸಾರಾಂಶ ಬರೆದ ಹಾಳೆಗೆ ಸೇನೆಯಲ್ಲಿ ‘ಶೀಟ್ ರೋಲ್’ ಎನ್ನುತ್ತಾರೆ. ಭರ್ತಿಯಾದವರನ್ನು ಸಾಲಾಗಿ ಬರೆದ ದೊಡ್ಡ ಪುಸ್ತಕ ‘ಲಾಂಗ್ ರೋಲ್’. ಸ್ವಾತಂತ್ರ್ಯಾನಂತರದ ಸೈನಿಕರ ಮತ್ತು ಪಿಂಚಣಿ ಪಡೆದವರ ಕಾಗದ ಸಿಗುವ ಸಾಧ್ಯತೆ ಹೆಚ್ಚು. ಅರ್ಜಿಯಲ್ಲಿ ಸಂಖ್ಯೆ, ದರ್ಜೆ, ಪೂರ್ಣ ಹೆಸರು, ತಂದೆಯ ಹೆಸರು, ಊರು, ಸೇವೆಯ ಅಂದಾಜು ವರ್ಷಗಳ ಜತೆಗೆ ಅರ್ಜಿದಾರನ ಸಂಬಂಧಕ್ಕೆ ಆಧಾರವೂ ಇರಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದಾದರೂ ಅನ್ಯರ ಖಾಸಗಿ ವಿವರಗಳಿಗೆ ಅದರಲ್ಲಿ ರಕ್ಷಣೆಯಿದೆ. ಹತ್ತಿರದ ಬಂಧುವಾಗಿ ನೇರ ಪತ್ರ ಬರೆಯುವ ದಾರಿಯೇ ಹೆಚ್ಚು ಸರಳ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳಲ್ಲಿ ನಿವೃತ್ತರ ಮತ್ತು ಅವರ ವಿಧವೆಯರ ನೋಂದಣಿ ಇರುತ್ತದೆ. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ನಿನ ಸೇನಾ ಇತಿಹಾಸ ಸಂಶೋಧನ ಕೇಂದ್ರ ಮೊದಲ ಯುದ್ಧದ ಭಾರತೀಯರ ಬಗ್ಗೆ ದೀರ್ಘಕಾಲದಿಂದ ಕೆಲಸ ಮಾಡುತ್ತಿದೆ.

ಮೈಸೂರಿನ ಪಡೆಗಳು

ಸಂಸ್ಥಾನಗಳ ಪಡೆಗಳಿಗೆ ಸೇರಿದವರನ್ನು ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ ಹುಡುಕುವುದು ಸಾಮಾನ್ಯ ತಪ್ಪು. ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಪಡೆ. 1914ರಲ್ಲಿ ಈಜಿಪ್ಟಿಗೆ ಹೊರಟ ಅದು ಜೋಧಪುರ ಮತ್ತು ಹೈದರಾಬಾದಿನ ಲ್ಯಾನ್ಸರ್‌ಗಳೊಡನೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿ ಕಾದಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ದಾಳಿಯಲ್ಲಿ ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳನ್ನು ವಶಪಡಿಸಿಕೊಂಡರು. ಮುಂದಿನ ತಿಂಗಳು ಅಲೆಪ್ಪೊ ಬಳಿಯ ಹರಿತಾನ್‌ನಲ್ಲೂ ಕಾದಿದರು. ದೆಹಲಿಯ ತೀನ್ ಮೂರ್ತಿ ಈ ಮೂರು ಸಂಸ್ಥಾನಗಳ ಸವಾರರ ಸ್ಮಾರಕ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ಇವರ ಜಾಡು ಮೂರು ಕಡೆ ಕವಲೊಡೆಯುತ್ತದೆ. ಭರ್ತಿ, ಸಂಬಳ, ಇನಾಮು, ಪಿಂಚಣಿಯ ವಿಷಯ ಮೈಸೂರು ಸರ್ಕಾರದ್ದಾದ್ದರಿಂದ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರುವ ಆ ಸರ್ಕಾರದ ಸೇನಾ ಕಡತಗಳನ್ನು ನೋಡಬೇಕು. ಕದನದ ವಿವರ ಲಂಡನ್ನಿನಲ್ಲಿರುವ ಯುದ್ಧ ದಿನಚರಿಗಳಲ್ಲಿ ಸಿಗುತ್ತದೆ. ಪಡೆಯ ಪರಂಪರೆ ಭಾರತೀಯ ಸೇನೆಯಲ್ಲಿ ಮುಂದುವರಿಯಿತು: ಲ್ಯಾನ್ಸರ್ಸ್ 1953ರಲ್ಲಿ ರೂಪುಗೊಂಡ, ಇಂದಿಗೂ ಕುದುರೆ ಉಳಿಸಿಕೊಂಡಿರುವ 61ನೇ ಕ್ಯಾವಲ್ರಿಯಲ್ಲಿ ಸೇರಿತು, 1ನೇ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು.

ಆ 1ನೇ ಮೈಸೂರು ಇನ್‌ಫೆಂಟ್ರಿಯ ಹಣೆಬರಹ ಕಠಿಣವಾಗಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಅದೂ ಅಲ್ಲೇ ಇತ್ತು. ಸಿಂಗಪುರದಲ್ಲಿ ಸೆರೆಯಾದ ಭಾರತೀಯರ ಮುಂದಿನ ಮೂರು ವರ್ಷಗಳನ್ನು ಕಾಗದದಲ್ಲಿ ಹಿಡಿಯುವುದು ಬಹಳ ಕಷ್ಟ. ಕೆಲವರು ಆಜಾದ್ ಹಿಂದ್ ಫೌಜ್ (ಐಎನ್‌ಎ) ಸೇರಿದರು, ಅವರ ವಿಷಯ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಐಎನ್‌ಎ ಕಡತಗಳಲ್ಲಿದೆ. ಸೇರದ ಸಾವಿರಾರು ಮಂದಿಯನ್ನು ಜಪಾನೀಯರು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. 1945ರಲ್ಲಿ ಅವರನ್ನು ಬಿಡಿಸಿದವರು ಆಸ್ಟ್ರೇಲಿಯನ್ನರು. ಎಲುಬು ಕಾಣುವ ಆ ಕೈದಿಗಳ ಛಾಯಾಚಿತ್ರಗಳು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ಯುದ್ಧ ಸ್ಮಾರಕದ ಸಂಗ್ರಹದಲ್ಲಿವೆ. ಸತ್ತು ಸಮಾಧಿ ಸಿಗದವರಲ್ಲಿ ಅನೇಕರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳಲ್ಲಿದೆ.

ದಿನಚರಿ, ಪತ್ರ, ದನಿ

ವೈಯಕ್ತಿಕ ಕಡತ ಸಿಗದಲ್ಲಿ ಕೈಹಿಡಿಯುವುದು ತುಕಡಿಯ ಯುದ್ಧ ದಿನಚರಿ. ರಣರಂಗದಲ್ಲಿ ಪ್ರತಿ ಬೆಟಾಲಿಯನ್ ದಿನವೂ ಏನು ನಡೆಯಿತೆಂದು ಬರೆಯಬೇಕಿತ್ತು: ಎಷ್ಟು ಮೈಲಿ ನಡೆದರು, ಎಲ್ಲಿ ತಂಗಿದರು, ಎಷ್ಟು ಕುದುರೆ ಸತ್ತವು, ಮಳೆ ಬಂತೇ. ಮೊದಲ ಯುದ್ಧದ ದಿನಚರಿಗಳು ಕ್ಯೂ ಪತ್ರಾಗಾರದ ‘ಡಬ್ಲ್ಯೂಓ 95’ ಎಂಬ ಸಾಲಿನಲ್ಲಿವೆ, ಎರಡನೆಯ ಯುದ್ಧದ ಬರ್ಮಾ ರಂಗದ್ದು ‘ಡಬ್ಲ್ಯೂಓ 172’ರಲ್ಲಿ. ಅದರಲ್ಲಿ ಬ್ರಿಟಿಷ್ ಅಧಿಕಾರಿಗೆ ಹೆಸರಿರುತ್ತದೆ; ಸಿಪಾಯಿ ಬಹುತೇಕ ‘ಭಾರತೀಯ ಇತರ ಶ್ರೇಣಿ, ಸಾವು 3, ಗಾಯ 11’ ಎಂಬ ಎಣಿಕೆಯಲ್ಲಿ ಮುಗಿದುಹೋಗುತ್ತಾನೆ. ಆದರೆ ಸತ್ತ ದಿನಾಂಕ ಕೈಯಲ್ಲಿದ್ದವರು ಆ ದಿನದ ಪುಟ ತೆರೆದರೆ, ಮುಂಜಾನೆ ಎಷ್ಟು ಗಂಟೆಗೆ ಹೊರಟರು, ಯಾವ ಹೊಳೆ ದಾಟುವಾಗ ಗುಂಡು ಬಂತು ಎಂಬುದು ಗೊತ್ತಾಗುತ್ತದೆ. ಶೌರ್ಯಪದಕ ಬಂದವರಿದ್ದರೆ ಎರಡನೆಯ ಯುದ್ಧದ ಶಿಫಾರಸು ಪತ್ರಗಳ ‘ಡಬ್ಲ್ಯೂಓ 373’ ಸಾಲನ್ನು ನೋಡಬೇಕು. ಸಿಪಾಯಿಯೊಬ್ಬನ ಒಂದು ದಿನದ ನಡೆಯನ್ನು ಹೆಸರು ಹಿಡಿದು ವಿವರಿಸಿದ ಅಪರೂಪದ ಕಾಗದಗಳು ಅವು.

ಫ್ರಾನ್ಸಿಗೆ ಹೋದ ಭಾರತೀಯರ ಪತ್ರಗಳನ್ನು ಸೆನ್ಸಾರ್ ಅಧಿಕಾರಿಗಳು ಅನುವಾದಿಸಿ ಆಯ್ದ ಭಾಗಗಳನ್ನು ವರದಿ ಮಾಡುತ್ತಿದ್ದರು. ಪತ್ರಗಳು ಊರಿಗೆ ಹೋಗಿ ಕಳೆದವು, ಆ ಆಯ್ದ ಭಾಗಗಳು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದವು. ಡೇವಿಡ್ ಒಮಿಸ್ಸಿ 1999ರಲ್ಲಿ ಅವುಗಳ ಸಂಕಲನ ತಂದರು. ಫ್ರಾನ್ಸಿಗೆ ಹೋದ ಪಲ್ಟಣಗಳಲ್ಲಿ ಉತ್ತರ ಭಾರತದವರೇ ಹೆಚ್ಚಾದ್ದರಿಂದ ಅಲ್ಲಿ ಕನ್ನಡಿಗರ ಪತ್ರ ಸಿಗುವ ಆಸೆ ಇಟ್ಟುಕೊಳ್ಳುವಂತಿಲ್ಲ. ಬರ್ಲಿನ್ ಬಳಿಯ ವ್ಯೂನ್ಸ್‌ಡಾರ್ಫ್‌ನ ‘ಅರ್ಧಚಂದ್ರ ಶಿಬಿರ’ದಲ್ಲಿದ್ದ ಭಾರತೀಯ ಯುದ್ಧಕೈದಿಗಳ ದನಿಯನ್ನೇ ಜರ್ಮನ್ ಭಾಷಾವಿದ್ವಾಂಸರು ಮುದ್ರಿಸಿಕೊಂಡರು, ಆ ತಟ್ಟೆಗಳು ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿವೆ. ಮೊದಲ ಯುದ್ಧದ ಕೈದಿಗಳ ಲಕ್ಷಾಂತರ ಕಾರ್ಡುಗಳನ್ನು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2014ರಲ್ಲಿ ಅಂತರ್ಜಾಲಕ್ಕೆ ತಂದಿದೆ. 1916ರ ಏಪ್ರಿಲ್ 29ರಂದು ಕುತ್‌ನಲ್ಲಿ ತುರ್ಕರಿಗೆ ಸೆರೆಯಾದ ಸುಮಾರು 13 ಸಾವಿರ ಮಂದಿಯಲ್ಲಿ ತಮ್ಮವರಿದ್ದರೆಂದು ಗೊತ್ತಿರುವ ಕುಟುಂಬಗಳು ಅದನ್ನು ನೋಡುವುದು ಒಳ್ಳೆಯದು.

ಎದುರಾಳಿಯ ಕಾಗದ

ಒಂದು ದೇಶದ ಕಡತ ನಿಂತಲ್ಲಿ ಎದುರಾಳಿಯ ಕಡತ ಮಾತಾಡಿದ ಉದಾಹರಣೆ ಕೊಡಗಿನದ್ದೇ ಇದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೊರಟವರು ಹಿಂತಿರುಗಲಿಲ್ಲ. ಭಾರತದ ಕಾಗದದಲ್ಲಿ ಅವರು ‘ಕಾಣೆಯಾದವರು’. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಮೂಲಗಳಿಂದ 1979ರಲ್ಲಿ ಬರೆದ ಪುಸ್ತಕದಿಂದ, ಆ ದಿನ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಮಿಸ್ಟೇರ್ ಜತೆಗಿನ ಕಾದಾಟದಲ್ಲಿ ನಾಶವಾದದ್ದು ಹೊರಬಂತು. ಉಳಿದ ಭಾರತೀಯ ಪೈಲಟ್‌ಗಳಲ್ಲಿ ಯಾರೂ ಅಂಥ ಕಾದಾಟ ನಡೆಸಿರಲಿಲ್ಲ. ಎರಡೂ ಬದಿಯ ವಿವರ ಕೂಡಿಸಿದಾಗ ಆ ಪೈಲಟ್ ದೇವಯ್ಯ ಎಂಬುದು ಸ್ಪಷ್ಟವಾಯಿತು. ತಮಗಿಂತ ಬಹಳ ವೇಗದ ವಿಮಾನವನ್ನು, ಪೆಟ್ಟು ತಿಂದ ವಿಮಾನದಿಂದಲೇ ಉರುಳಿಸಿದ ಆ ಸಾಹಸಕ್ಕೆ 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಮರಣೋತ್ತರ ಮಹಾವೀರ ಚಕ್ರ ಸಂದಿತು.

1947ರ ನಂತರದ ಯುದ್ಧಗಳ ಕಡತಗಳು ನಿಧಾನವಾಗಿ ತೆರೆದುಕೊಳ್ಳುತ್ತಿವೆ. ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳೊಳಗೆ ಬಹಿರಂಗಗೊಳಿಸಬೇಕೆಂಬ ನೀತಿಯನ್ನು ಭಾರತದ ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಪ್ರಕಟಿಸಿತು. ಬ್ರಿಟನ್ನಿನ ರಕ್ಷಣಾ ಸಚಿವಾಲಯ 2022ರಿಂದ ತನ್ನ 97 ಲಕ್ಷ ಸೇವಾ ಕಡತಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸುತ್ತಿದೆ.

ಸಿಕ್ಕ ಕಾಗದ ಯಾವಾಗಲೂ ಮನೆಯ ಕತೆಗೆ ಒಪ್ಪುವುದಿಲ್ಲ. ಗುಂಡೇಟಿನಿಂದ ಸತ್ತರೆಂದು ನಂಬಿದ್ದವರು ಬಸ್ರಾದ ಆಸ್ಪತ್ರೆಯಲ್ಲಿ ಆಮಶಂಕೆಯಿಂದ ಸತ್ತಿರಬಹುದು. ಸುಬೇದಾರ್ ಎಂದು ಊರು ಕರೆಯುತ್ತಿದ್ದವರು ನಾಯಕ್ ದರ್ಜೆಯಲ್ಲೇ ಬಿಡುಗಡೆಯಾಗಿರಬಹುದು. ರಜೆ ಮೀರಿದ್ದಕ್ಕೆ ಆದ ಶಿಕ್ಷೆ, ಹೇಳಿಕೊಳ್ಳಲಾಗದ ಕಾಯಿಲೆಯ ಚಿಕಿತ್ಸೆ ಹಾಳೆಯಲ್ಲಿರಬಹುದು. ಮೆಸೊಪೊಟೇಮಿಯಾದಲ್ಲಿ ರೋಗ ಕೊಂದವರು ಬಹಳ. ಜ್ವರದಿಂದ ಸತ್ತವನೂ ಯುದ್ಧದಲ್ಲೇ ಸತ್ತವನು. ಇಂಥ ವಿವರವನ್ನು ಮುಚ್ಚಿಟ್ಟು ಬರೆದ ಕುಟುಂಬ ಚರಿತ್ರೆಗಿಂತ ಇದ್ದಂತೆ ಬರೆದದ್ದು ಮುಂದಿನ ಸಂಶೋಧಕರಿಗೆ ಹೆಚ್ಚು ನೆರವಾಗುತ್ತದೆ.

ಎಲ್ಲರಿಗಿಂತ ಕಷ್ಟದ ಜಾಡು ಕೂಲಿಕಾರರದು. ಹೇಸರಗತ್ತೆ ಹೊಡೆದವರು, ಡೋಲಿ ಹೊತ್ತವರು, ಅಡುಗೆಯವರು, ಕ್ಷೌರಿಕರು, ಜಾಡಮಾಲಿಗಳು, 1917ರಲ್ಲಿ ಫ್ರಾನ್ಸಿಗೆ ಹೋದ ಲೇಬರ್ ಕೋರ್‌ನವರು ಆರಂಭದಲ್ಲಿ ಹೇಳಿದ 5.63 ಲಕ್ಷದ ಲೆಕ್ಕದೊಳಗೆ ಸೇರಿದ್ದಾರೆ. ಯೋಧರಿಗೆ ಬೆಳ್ಳಿಯ ವಾರ್ ಮೆಡಲ್ ಕೊಟ್ಟಾಗ ಇವರಲ್ಲಿ ಅನೇಕರಿಗೆ ಕಂಚಿನದು ಸಿಕ್ಕಿತು. ರಾಧಿಕಾ ಸಿಂಘಾ ಅವರು 2020ರ ತಮ್ಮ ಗ್ರಂಥದಲ್ಲಿ ಇವರ ಭರ್ತಿ, ಕರಾರು, ಸಂಬಳಗಳ ಚರಿತ್ರೆಯನ್ನು ಮೊದಲ ಬಾರಿಗೆ ವಿಸ್ತಾರವಾಗಿ ಕಟ್ಟಿಕೊಟ್ಟಿದ್ದಾರೆ. ಮನೆಯಲ್ಲಿ ಸಿಕ್ಕ ವಾರ್ ಮೆಡಲ್ ಬೆಳ್ಳಿಯದಲ್ಲದೆ ಕಂಚಿನದಾಗಿದ್ದರೆ ಅದನ್ನು ನಕಲಿಯೆಂದು ಎಸೆಯಬಾರದು. ಅಂಚಿನಲ್ಲಿ ಕೂಲಿ ತುಕಡಿಯ ಹೆಸರಿದೆಯೇ ನೋಡಿ, ಪಲ್ಟಣಗಳ ಪಟ್ಟಿ ಬಿಟ್ಟು ಲೇಬರ್ ಮತ್ತು ಪೋರ್ಟರ್ ಕೋರ್‌ಗಳ ಕಡತಗಳತ್ತ ಹುಡುಕಾಟವನ್ನು ತಿರುಗಿಸಬೇಕು.